ಹೆಸರಿಲ್ಲದ ವಿಡಿಯೊಗಳೂ ‘ಯಾರು ಹೇಳಿದರು’ ಎಂದು ಕೇಳಬೇಕಾದ ಸಮುದಾಯವೂ

ವಾಟ್ಸ್ಆ್ಯಪ್ ಮೂಲಕ ನಮ್ಮ ಮನೆಗಳನ್ನು ಪ್ರವೇಶಿಸುವ ವಿಡಿಯೊಗಳಿಗೆಲ್ಲ ಒಂದು ಸಾಮ್ಯವಿದೆ. ಅವುಗಳಿಗೆ ಹೆಸರಿಲ್ಲ. ಆಂಡ್ರಾಯ್ಡ್ ಫೋನಿನ ಸಂಗ್ರಹವನ್ನು ತೆರೆದು ನೋಡಿದರೆ ‘ವಿಐಡಿ’ ಎಂಬ ಮೂರಕ್ಷರ, ಅದರ ಮುಂದೆ ಎಂಟಂಕಿಯ ಒಂದು ದಿನಾಂಕ, ಬಳಿಕ ‘ಡಬ್ಲ್ಯುಎ’ ಎಂಬ ಗುರುತು ಮತ್ತು ನಾಲ್ಕಂಕಿಯ ಒಂದು ಕ್ರಮಸಂಖ್ಯೆ ಮಾತ್ರ ಕಾಣಸಿಗುತ್ತವೆ. ಶಿಕಾರಿಪುರದ ಒಂದು ನಿಕಾಹ್, ಸೊರಬದ ಒಂದು ಶಾಲೆಯ ವಾರ್ಷಿಕೋತ್ಸವ, ಜಿದ್ದಾದಲ್ಲಿ ದುಡಿಯುವ ಮಗ ಕಳುಹಿಸಿದ ಉಮ್ರಾದ ದೃಶ್ಯ, ಯಾವುದೋ ದೇಶದಲ್ಲಿ ಯಾರೋ ಯಾರನ್ನೋ ಹೊಡೆದು ಕೊಲ್ಲುತ್ತಿರುವ ದೃಶ್ಯ, ಎಲ್ಲಕ್ಕೂ ಒಂದೇ ಅಚ್ಚಿನ ಹೆಸರು.

ಈ ಹೆಸರಿಲ್ಲದಿರುವಿಕೆಯೇ ಇಂದು ಭಯದ ವ್ಯಾಪಾರಕ್ಕೆ ಬಂಡವಾಳವಾಗಿದೆ. ಎಲ್ಲಿಂದ ಬಂತೆಂದು ತಿಳಿಯದ ದೃಶ್ಯಕ್ಕೆ ಒಂದು ನಿಗೂಢತೆ ತಾನಾಗಿಯೇ ಅಂಟಿಕೊಳ್ಳುತ್ತದೆ. ‘ಟಿವಿಯವರು ಇದನ್ನು ತೋರಿಸುವುದಿಲ್ಲ’, ‘ಅಳಿಸಿಹಾಕುವ ಮುನ್ನ ನೋಡಿಬಿಡಿ’ ಎಂಬ ಎರಡು ಸಾಲುಗಳನ್ನು ಯಾರಾದರೂ ಅದರ ಕೆಳಗೆ ಬರೆದರೆ ಸಾಕು, ಮೂಲವಿಲ್ಲವೆಂಬ ಕೊರತೆಯೇ ಗುಪ್ತ ಸತ್ಯವೊಂದರ ಪುರಾವೆಯಾಗಿಬಿಡುತ್ತದೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ನಮ್ಮ ಮನೆಗಳಲ್ಲಿ ಕುಟುಂಬಕ್ಕೊಂದು, ಮೊಹಲ್ಲಾಕ್ಕೊಂದು, ಜಮಾಅತಿಗೊಂದು ಗುಂಪಿದೆ. ಇಶಾ ನಮಾಝಿನ ಬಳಿಕ ಈ ಗುಂಪುಗಳಲ್ಲಿ ಏನು ಹರಿದಾಡುತ್ತದೆ ಎಂಬುದು ಓದುಗರಿಗೆ ನಮ್ಮಷ್ಟೇ ಗೊತ್ತು.

ಆ ಹೆಸರಿನ ಗುಟ್ಟನ್ನು ಮೊದಲು ಬಿಡಿಸೋಣ. ಅದನ್ನು ಇಟ್ಟವನು ಮನುಷ್ಯನಲ್ಲ, ಯಂತ್ರ. ವಿಡಿಯೊವೊಂದು ಒಂದು ಫೋನಿನಿಂದ ಇನ್ನೊಂದಕ್ಕೆ ಹೋದಾಗ ಅದಕ್ಕೆ ಮೊದಲಿದ್ದ ಹೆಸರು ಬಿದ್ದುಹೋಗುತ್ತದೆ, ಗಾತ್ರ ಕುಗ್ಗುತ್ತದೆ, ಚಿತ್ರ ಮಸುಕಾಗುತ್ತದೆ, ಸ್ವೀಕರಿಸಿದ ಫೋನು ತನ್ನ ಲೆಕ್ಕದ ಹೊಸ ಹೆಸರನ್ನು ಕೊಡುತ್ತದೆ. ಅದರಲ್ಲಿರುವ ದಿನಾಂಕ ಆ ಕಡತ ನಿಮ್ಮ ಫೋನಿಗೆ ಬಂದ ದಿನದ್ದೇ ಹೊರತು ಘಟನೆ ನಡೆದ ದಿನದ್ದಲ್ಲ. ಹತ್ತು ವರ್ಷ ಹಳೆಯ ದೃಶ್ಯವನ್ನು ಇಂದು ಕಳುಹಿಸಿದರೂ ಅದು ಇಂದಿನ ದಿನಾಂಕವನ್ನೇ ಹೊತ್ತು ಬರುತ್ತದೆ. ‘ದಿನಾಂಕ ನೋಡಿ, ನಿನ್ನೆಯದೇ’ ಎಂದು ವಾದಿಸುವವರು ಲಕೋಟೆಯ ಮೇಲಿನ ಅಂಚೆಮುದ್ರೆಯನ್ನು ಕಂಡು ಒಳಗಿನ ಪತ್ರವನ್ನು ನಂಬುತ್ತಿದ್ದಾರೆ. ಅಂಚೆಮುದ್ರೆಯಲ್ಲಿ ಕಳುಹಿಸಿದ ಊರಿನ ಹೆಸರಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ.

ಹೀಗೆ ಮೂಲ ಅಳಿಸಿಹೋದ ಕಡತದ ಸುತ್ತ ದಂತಕಥೆ ಬೆಳೆಯುವುದು ನಮ್ಮ ನಾಡಿಗೆ ಸೀಮಿತವಲ್ಲ. ಅಂತರ್ಜಾಲದಲ್ಲಿ ‘ಬಾರ್ಬಿ’ ಎಂಬಂಥ ಅತಿ ಸಾಧಾರಣ ಹೆಸರಿನ ವಿಡಿಯೊಗಳನ್ನು ನೋಡಿದವರು ಮತಿಗೆಟ್ಟರು ಎಂಬ ಕಥೆಗಳು ವರ್ಷಗಳಿಂದ ಸುತ್ತುತ್ತಿವೆ. ‘ಮಾರ್ಟಿನೆಲ್ಲಿ’ ಎಂಬ ವಿಡಿಯೊ ನಾಳೆ ಬರಲಿದೆ, ತೆರೆದರೆ ಫೋನು ಹಾಳಾಗುತ್ತದೆ ಎಂಬ ಎಚ್ಚರಿಕೆಯನ್ನು 2017ರಲ್ಲಿಯೇ ಸ್ಪೇನಿನ ಪೊಲೀಸರು ಸುಳ್ಳೆಂದು ಸಾರಿದ್ದರು. ‘ಪೋಪನ ನೃತ್ಯ’ ಎಂಬ ವಿಡಿಯೊ ಫೋನನ್ನು ಅಳಿಸಿಹಾಕುತ್ತದೆ, ಬಿಬಿಸಿ ರೇಡಿಯೊದಲ್ಲಿ ಇಂದೇ ಹೇಳಿದ್ದಾರೆ ಎಂಬುದು ಅದರ ಜೊತೆಗಾರ. ಆ ಎರಡು ಹೆಸರುಗಳ ಮಾರಕ ವಿಡಿಯೊವನ್ನು ಯಾರೂ ಕಂಡಿಲ್ಲ. ಎಚ್ಚರಿಕೆಯನ್ನು ಮಾತ್ರ ಎಲ್ಲರೂ ಕಂಡಿದ್ದಾರೆ. (ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ವಿಡಿಯೊ ಕಡತದ ಮೂಲಕ ಫೋನಿನ ಮೇಲೆ ದಾಳಿ ಮಾಡಲು ಎಡೆಯಿದ್ದ ದೋಷವೊಂದು ವಾಟ್ಸ್ಆ್ಯಪಿನಲ್ಲಿತ್ತು, 2019ರ ನವೆಂಬರಿನಲ್ಲಿ ಅದನ್ನು ಪ್ರಕಟಿಸಲಾಯಿತು. ಅದರ ಪರಿಹಾರ ಆ್ಯಪನ್ನು ನವೀಕರಿಸುವುದಾಗಿತ್ತು. ಕಡತದ ಹೆಸರಿಗೂ ಅದಕ್ಕೂ ಸಂಬಂಧವಿರಲಿಲ್ಲ.)

ಇಂಥ ಕಥೆಗಳ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ಜಪಾನಿನ ‘ರಿಂಗು’ ಎಂಬ 1998ರ ಚಲನಚಿತ್ರ ತನಗರಿವಿಲ್ಲದೆಯೇ ತೋರಿಸಿಕೊಟ್ಟಿದೆ. ಅದರಲ್ಲಿ ಶಾಪಗ್ರಸ್ತ ವಿಡಿಯೊ ಟೇಪನ್ನು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ. ಬದುಕುವ ದಾರಿ ಒಂದೇ, ಅದರ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸುವುದು. ನಮ್ಮ ಹಿರಿಯರಿಗೆ ಈ ಯುಕ್ತಿ ಹೊಸದೆನಿಸಲಾರದು. ಮದೀನಾದ ಪ್ರವಾದಿವರ್ಯರ(ಸ) ಸಮಾಧಿಯ ಸೇವಕ ಶೇಖ್ ಅಹ್ಮದ್ ಎಂಬವರು ಕನಸು ಕಂಡರು, ಈ ವಾರ ಇಷ್ಟು ಸಾವಿರ ಮಂದಿ ಈಮಾನ್ ಇಲ್ಲದೆ ಸತ್ತರು, ಇದನ್ನು ನಕಲು ಮಾಡಿ ಹಂಚಿದವನು ಶ್ರೀಮಂತನಾದ, ಅಲಕ್ಷಿಸಿದವನ ಮಗ ತೀರಿಹೋದ ಎನ್ನುವ ಆ ‘ವಸಿಯ್ಯತ್’ ಪತ್ರ ಮುಸ್ಲಿಮ್ ಜಗತ್ತಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಸುತ್ತುತ್ತಿದೆ. ಡಚ್ ವಿದ್ವಾಂಸ ಸ್ನೂಕ್ ಹುರ್ಗ್ರೋನ್ಯೆ 1880ರ ದಶಕದಲ್ಲಿಯೇ ಅದರ ಬಗ್ಗೆ ಬರೆದಿದ್ದರು. ಸೌದಿ ಅರೇಬಿಯದ ಶೇಖ್ ಇಬ್ನ್ ಬಾಝ್ ಅದನ್ನು ಸುಳ್ಳೆಂದು ವಿವರವಾಗಿ ಖಂಡಿಸಿದರು. ಆದರೂ ಅದು ಕೈಬರಹದಿಂದ ಕರಪತ್ರಕ್ಕೂ ಕರಪತ್ರದಿಂದ ನೆರಳಚ್ಚಿಗೂ ಅಲ್ಲಿಂದ ಮೊಬೈಲಿಗೂ ದಾಟಿಕೊಂಡಿತು. ಶತಮಾನ ದಾಟಿದ ಈ ಕನಸನ್ನು ಯಾವ ವರ್ಷದ ಯಾವ ಶೇಖ್ ಅಹ್ಮದ್ ಕಂಡರೆಂದು ಹಂಚಿದವರಲ್ಲಿ ಯಾರೂ ಕೇಳಲಿಲ್ಲ. ಹೆದರಿಕೆಯ ಪತ್ರದಲ್ಲಿ ಹೆಸರೊಂದಾದರೂ ಇತ್ತು, ಕಲ್ಪಿತವಾದರೂ. ಇಂದಿನ ವಿಡಿಯೊ ಅಷ್ಟು ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ಹುಡುಗಾಟಿಕೆಯ ವಿಷಯ, ಇದಕ್ಕೆ ಇಷ್ಟು ಗಂಭೀರವಾದ ಬರಹವೇಕೆ ಎನ್ನುವವರು 2018ನ್ನು ನೆನಪಿಸಿಕೊಳ್ಳಬೇಕು.

ಆ ವರ್ಷದ ಬೇಸಿಗೆಯಲ್ಲಿ ಕರ್ನಾಟಕದ ಫೋನುಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಓಣಿಯೊಂದರಲ್ಲಿ ಮಕ್ಕಳು ಆಡುತ್ತಿದ್ದಾರೆ, ಬೈಕಿನಲ್ಲಿ ಇಬ್ಬರು ಬರುತ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಭದ್ರತಾ ಕ್ಯಾಮೆರಾದ ಮಸುಕು ಚಿತ್ರ, ಹೆಸರಿಲ್ಲ, ಊರಿಲ್ಲ. ಅದರ ಜೊತೆಗೆ ನಮ್ಮ ಭಾಷೆಗಳಲ್ಲಿ ಧ್ವನಿ ಸಂದೇಶಗಳು: ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ರೋಶನಿ ಎಂಬ ಸಹಾಯವಾಣಿ ಸಂಸ್ಥೆಗಾಗಿ, ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ನಟರನ್ನಿಟ್ಟು ತಯಾರಿಸಿದ ಕಿರುಚಿತ್ರ. ಅದರ ಪೂರ್ಣ ರೂಪದಲ್ಲಿ ಆ ಬೈಕು ಹಿಂತಿರುಗುತ್ತದೆ, ಮಗುವನ್ನು ಇಳಿಸಲಾಗುತ್ತದೆ, ಕರಾಚಿಯ ಬೀದಿಯಿಂದ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕೆಂಬ ಎಚ್ಚರಿಕೆಯ ಫಲಕವನ್ನು ಸವಾರ ಹಿಡಿದು ತೋರಿಸುತ್ತಾನೆ. ಯಾರೋ ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿದರು. ಕತ್ತರಿಸಿದವನು ಯಾರೆಂದು ಇಂದಿಗೂ ಲೋಕಕ್ಕೆ ತಿಳಿದಿಲ್ಲ.

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕೈಕಾಲು ಕಟ್ಟಿ, ಎಳೆದಾಡಿ ಕೊಲ್ಲಲಾಯಿತು. ಜುಲೈ 13ರಂದು, ಅದು ಶುಕ್ರವಾರವಾಗಿತ್ತು, ಬೀದರ್ ಜಿಲ್ಲೆಯ ಔರಾದ್ ಭಾಗದ ಹಳ್ಳಿಗಳಿಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬರು ಕತಾರಿನವರು. ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟರು. ಅಷ್ಟೇ. ಅದನ್ನು ಕಂಡವರು ಅನುಮಾನಿಸಿದರು, ಪ್ರಶ್ನಿಸಿದರು, ಚಿತ್ರೀಕರಿಸಿದರು, ಆ ಚಿತ್ರ ವಾಟ್ಸ್ಆ್ಯಪಿನಲ್ಲಿ ಕಾರಿಗಿಂತ ಮುಂಚೆ ಮುಂದಿನ ಊರನ್ನು ಮುಟ್ಟಿತು. ಮುರ್ಕಿ ಎಂಬ ಗ್ರಾಮದಲ್ಲಿ ರಸ್ತೆಗೆ ಅಡ್ಡಗಟ್ಟಲಾಯಿತು, ಕಾರು ಉರುಳಿತು, ನೂರಾರು ಜನ ಮುಗಿಬಿದ್ದರು. ಒಬ್ಬ ಮುಸ್ಲಿಮ್ ಯುವಕ, ವೃತ್ತಿಯಲ್ಲಿ ಎಂಜಿನಿಯರ್, ಅಲ್ಲಿಯೇ ಹತನಾದ. ಅವರನ್ನು ಉಳಿಸಲು ಹೆಣಗಿದ ಪೊಲೀಸರಿಗೂ ಗಾಯಗಳಾದವು. ಕಲ್ಲೆತ್ತಿದವರ ಪೈಕಿ ಹೆಚ್ಚಿನವರು ಅಂದು ಬೆಳಿಗ್ಗೆ ಎಂದಿನಂತೆ ಎದ್ದು ಹೊಲಕ್ಕೋ ಅಂಗಡಿಗೋ ಹೋಗಿದ್ದ ಸಾಮಾನ್ಯ ಜನ.

ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ‘ಫಾರ್ವರ್ಡೆಡ್’ ಎಂಬ ಪಟ್ಟಿಯನ್ನು ಅಂಟಿಸಲಾರಂಭಿಸಿತು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗೆ ಅಥವಾ ಐದು ಗುಂಪುಗಳಿಗೆ ಮಾತ್ರ ಮುಂದೂಡಬಹುದೆಂದು ಮಿತಿ ಹಾಕಿತು. ಜುಲೈ 17ರಂದು ಸುಪ್ರೀಮ್ ಕೋರ್ಟ್ ಗುಂಪು ಹತ್ಯೆಗಳ ವಿರುದ್ಧ ತೀರ್ಪು ನೀಡಿತು. ಇವೆಲ್ಲ ಬೇಕಾದವೇ. ಆದರೆ ಕ್ಯಾಲಿಫೋರ್ನಿಯಾದ ಸಂಸ್ಥೆಯೊಂದು ಐದರ ಮಿತಿ ಹಾಕುವವರೆಗೂ ಕಾಯಬೇಕಾದ ಸಮುದಾಯ ನಮ್ಮದಲ್ಲ. ನಮಗೆ ಈ ವಿಷಯದಲ್ಲಿ ಆದೇಶ ಬಂದು ಹದಿನಾಲ್ಕು ಶತಮಾನಗಳಾಗಿವೆ.

ಸೂರಃ ಅಲ್‌ಹುಜುರಾತ್‌ನ ಆರನೆಯ ವಚನವನ್ನು ನಮ್ಮ ಮಕ್ಕಳೂ ಬಲ್ಲರು. ಅವಿಶ್ವಸನೀಯನೊಬ್ಬನು ಸುದ್ದಿ ತಂದರೆ ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಬಳಿಕ ಪರಿತಪಿಸಬೇಕಾದೀತು ಎಂಬುದು ಅದರ ಆಶಯ. ಇದರ ಹಿನ್ನೆಲೆಯಾಗಿ ಅನೇಕ ವ್ಯಾಖ್ಯಾನಕಾರರು ಹೇಳುವ ಘಟನೆಯನ್ನು ಮುರ್ಕಿಯ ಪಕ್ಕದಲ್ಲಿಟ್ಟು ಓದಬೇಕು. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ತರಲು ಒಬ್ಬರನ್ನು ಕಳುಹಿಸಲಾಗಿತ್ತು. ಅತಿಥಿಯನ್ನು ಎದುರುಗೊಳ್ಳಲು ಗೋತ್ರದವರು ಊರ ಹೊರಗೆ ಬಂದರು. ಬಂದವರು ಅದನ್ನು ದಾಳಿಯೆಂದು ಭಾವಿಸಿ ಹಿಂತಿರುಗಿ, ಅವರು ಝಕಾತ್ ನಿರಾಕರಿಸಿದ್ದಾರೆ, ತನ್ನನ್ನು ಕೊಲ್ಲಹೊರಟಿದ್ದರು ಎಂದು ವರದಿ ಮಾಡಿದರು. ಪರಿಶೀಲನೆ ನಡೆಯದಿದ್ದರೆ ಮದೀನಾದಿಂದ ಸೈನ್ಯವೊಂದು ಸ್ವಾಗತಕ್ಕೆ ನಿಂತಿದ್ದ ಜನರ ಮೇಲೆ ಏರಿಹೋಗುತ್ತಿತ್ತು. (ಈ ವರದಿಯ ಸರಣಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ, ವಚನದ ಆದೇಶ ಆ ಚರ್ಚೆಯನ್ನು ಅವಲಂಬಿಸಿಲ್ಲ.) ಸ್ವಾಗತವು ದಾಳಿಯಾಗಿ ಕಂಡಿತು. ಮುರ್ಕಿಯ ದಾರಿಯಲ್ಲಿ ಚಾಕೊಲೇಟು ಅಪಹರಣವಾಗಿ ಕಂಡಿತು.

ವಚನದಲ್ಲಿ ಸುದ್ದಿ ತರುವವನು ಕನಿಷ್ಠ ಪಕ್ಷ ಒಬ್ಬ ಮನುಷ್ಯ. ಅವನು ಯಾರು, ಎಂಥವನು ಎಂದು ನಾವು ನಿರ್ಣಯಿಸಬಹುದು. ತಂದವನೇ ಇಲ್ಲದ ಸುದ್ದಿಯ ಗತಿಯೇನು? ಹದೀಸ್ ವಿದ್ವಾಂಸರಿಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ವರದಿಗಾರರ ಸರಣಿಯಲ್ಲಿ ಅಪರಿಚಿತನೊಬ್ಬನಿದ್ದರೆ, ಸರಪಳಿಯ ಒಂದು ಕೊಂಡಿ ಕಳಚಿದ್ದರೆ, ಮಾತು ಎಷ್ಟೇ ಸುಂದರವಾಗಿರಲಿ, ಆ ವರದಿ ದುರ್ಬಲ. ಇಮಾಮ್ ಮುಸ್ಲಿಮ್ ತಮ್ಮ ಸಹೀಹ್‌ನ ಮುನ್ನುಡಿಯಲ್ಲಿ ಇಬ್ನ್ ಸೀರೀನ್ ಮತ್ತು ಅಬ್ದುಲ್ಲಾ ಬಿನ್ ಮುಬಾರಕ್‌ರ ಮಾತುಗಳನ್ನು ದಾಖಲಿಸಿರುವುದು ಇದಕ್ಕಾಗಿಯೇ: ಮೊದಲ ಕಾಲದಲ್ಲಿ ಜನ ಸರಣಿಯನ್ನು ಕೇಳುತ್ತಿರಲಿಲ್ಲ, ಕ್ಷೋಭೆಯ ಕಾಲ ಬಂದ ಮೇಲೆ ಕೇಳಲಾರಂಭಿಸಿದರು; ಸರಣಿ ಎಂಬುದು ಧರ್ಮದ ಭಾಗವೇ, ಅದಿಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಿಬಿಡುತ್ತಿದ್ದರು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನೆನಿಸಲು ಸಾಕೆಂಬ ಪ್ರವಾದಿವಚನವೂ ಅದೇ ಮುನ್ನುಡಿಯಲ್ಲಿದೆ. ಸುಳ್ಳು ಕಟ್ಟುವವನಷ್ಟೇ ಅಲ್ಲ, ಕೇಳಿದ್ದನ್ನೆಲ್ಲ ದಾಟಿಸುವವನೂ ಸುಳ್ಳುಗಾರನೇ. ‘ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್’ ಎಂಬ ಮೂರು ಪದಗಳ ಹಿಂದೆ ಅಡಗುವವರು ಈ ಹದೀಸಿನ ಎದುರು ನಿಂತು ಆ ಮಾತನ್ನು ಹೇಳಲಿ.

ಸಹಾಬಿ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ಅದನ್ನು ನೇರವಾಗಿ ಕೇಳಿದ್ದ ಅಬ್ದುಲ್ಲಾ ಬಿನ್ ಉನೈಸ್‌ರ(ರ) ಬಾಯಿಂದಲೇ ಕೇಳಲೆಂದು ಒಂದು ತಿಂಗಳ ಪ್ರಯಾಣ ಮಾಡಿದ್ದನ್ನು ಇಮಾಮ್ ಬುಖಾರಿ ಉಲ್ಲೇಖಿಸಿದ್ದಾರೆ. ಮಾತು ಅವರಿಗೆ ಮೊದಲೇ ತಲುಪಿತ್ತು. ಮೂಲವನ್ನು ಮುಟ್ಟಲು ಅವರು ಹೊರಟರು. ಆ ಪರಂಪರೆಯ ವಾರಸುದಾರರಾದ ನಾವು ಹೆಬ್ಬೆರಳನ್ನು ಒಂದು ಅಂಗುಲ ಸರಿಸಿ, ಕಣ್ಣೀರಿನ ಮೂರು ಚಿತ್ರಗಳನ್ನು ಸೇರಿಸಿ, ಮಲಗುತ್ತೇವೆ.

ಮೂಲವನ್ನು ಹೇಳುವ ಶಿಸ್ತು ನಮ್ಮ ತಾಲೂಕುಗಳಿಗೂ ಹೊಸದಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಸ್ತಂಭಶಾಸನವಿದೆ. ಸುಮಾರು ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನ ಆ ಕಲ್ಲಿನಲ್ಲಿ ಅದನ್ನು ರಚಿಸಿದವನು ಕುಬ್ಜನೆಂಬ ಕವಿ, ಅದು ಶಾಂತಿವರ್ಮನ ಆಳ್ವಿಕೆಯದು ಎಂಬ ವಿವರ ಉಳಿದಿದೆ. ಬಿ. ಎಲ್. ರೈಸ್ ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ಸೊರಬದ ಸೀಮೆಯ ವೀರಗಲ್ಲುಗಳು ಸತ್ತವನು ಯಾರು, ಯಾವ ಊರಿಗಾಗಿ, ಯಾವ ಕಾದಾಟದಲ್ಲಿ ಎಂದು ಹೇಳಲು ಹೆಣಗುತ್ತವೆ. ಧರ್ಮ ಬೇರೆ, ಕಾಲ ಬೇರೆ. ಆದರೂ ಒಂದು ಸಾವಿನ ಸುದ್ದಿಯನ್ನು ಲೋಕಕ್ಕೆ ಸಾರುವವನು ಹೆಸರು, ಊರು, ಕಾಲಗಳನ್ನು ಕೊಡಲು ಬಾಧ್ಯನೆಂದು ಉಳಿಯನ್ನು ಹಿಡಿದ ಆ ಕಲ್ಲುಕುಟಿಗರಿಗೆ ತಿಳಿದಿತ್ತು.

ಈಗ ಸ್ವಲ್ಪ ಕಹಿಯಾದ ಮಾತಿಗೆ ಬರೋಣ. ವದಂತಿಗಳಿಂದ ಸಾಯುವವರು ನಮ್ಮವರು, ಹರಡುವವರು ಬೇರೆಯವರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ಸತ್ಯವೂ ಅಲ್ಲ. ದೀನಿನ ಹೆಸರಿನಲ್ಲಿ ನಮ್ಮ ಗುಂಪುಗಳಲ್ಲಿ ಸುತ್ತುವ ಕಡತಗಳನ್ನೇ ನೋಡಿ. ಕುರ್‌ಆನನ್ನು ಅವಮಾನಿಸಿದ ಹುಡುಗಿಯೊಬ್ಬಳು ಪ್ರಾಣಿಯಾಗಿ ಮಾರ್ಪಟ್ಟಳು, ಒಮಾನಿನಲ್ಲಿ ನಡೆದದ್ದು ಎಂದು ವರ್ಷಗಟ್ಟಲೆ ಹರಿದಾಡಿದ ಚಿತ್ರವನ್ನು ಅನೇಕರು ನೋಡಿದ್ದೀರಿ. ಅದು ಆಸ್ಟ್ರೇಲಿಯಾದ ಕಲಾವಿದೆ ಪೆಟ್ರೀಷಿಯಾ ಪಿಚಿನೀನಿ ಮಾಡಿದ ಶಿಲ್ಪ. ಆದ್ ಜನಾಂಗದ ದೈತ್ಯ ಅಸ್ಥಿಪಂಜರ ಸೌದಿ ಮರುಭೂಮಿಯಲ್ಲಿ ದೊರೆಯಿತೆಂಬ ಚಿತ್ರದ ಕಥೆ ಇನ್ನೂ ಬೋಧಪ್ರದ. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತಿದ್ದುವ ಸ್ಪರ್ಧೆಯೊಂದಕ್ಕಾಗಿ 2002ರಲ್ಲಿ ಒಬ್ಬಾತ ಅದನ್ನು ತಯಾರಿಸಿದ್ದ. ನೆಲದ ಭಾಗ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಆನೆಯಂಥ ಪ್ರಾಚೀನ ಪ್ರಾಣಿಯೊಂದರ ಎಲುಬುಗಳನ್ನು ಅಗೆದ ಸ್ಥಳದ್ದು. 2004ರಲ್ಲಿ ಬಾಂಗ್ಲಾದೇಶದ ಪತ್ರಿಕೆಯೊಂದು ಅದನ್ನು ಆದ್ ಜನಾಂಗದ್ದೆಂದು ಬರೆಯಿತು. 2007ರಲ್ಲಿ ನಮ್ಮ ದೇಶದ ಹಿಂದೂ ಮಾಸಿಕವೊಂದು ಅದೇ ಚಿತ್ರವನ್ನು ಮಹಾಭಾರತದ ಘಟೋತ್ಕಚನ ಪರವಾಗಿ ಮುಂದಿಟ್ಟಿತು. ಒಂದೇ ಚಿತ್ರ, ಎರಡು ಸಮುದಾಯಗಳು, ಇಬ್ಬರಿಗೂ ತಮ್ಮ ತಮ್ಮ ಗ್ರಂಥ ಸತ್ಯವಾಯಿತೆಂಬ ಸಂಭ್ರಮ. ಹೆಸರಿಲ್ಲದ ಕಡತ ಯಾರ ಮನೆಗೆ ಹೋದರೂ ಆ ಮನೆಯವರ ಭಾಷೆಯಲ್ಲಿಯೇ ಮಾತನಾಡುತ್ತದೆ.

ಹೀಗೆ ಹೇಳಿದಾಗ ಕೇಳಿಬರುವ ಉತ್ತರ ನಮಗೆ ಗೊತ್ತು. ‘ಸುಳ್ಳಾದರೇನು, ಜನರ ಈಮಾನ್ ಹೆಚ್ಚುತ್ತದಲ್ಲ.’ ಈ ವಾದವನ್ನು ಹೂಡಿದ ಮೊದಲಿಗ ನಮ್ಮ ಕಾಲದವನಲ್ಲ. ಹಿಜರಿ ಎರಡನೆಯ ಶತಮಾನದ ನೂಹ್ ಬಿನ್ ಅಬೀ ಮರ್ಯಮ್ ಎಂಬ ವಿದ್ವಾಂಸನು ಕುರ್‌ಆನಿನ ಅಧ್ಯಾಯಗಳ ಶ್ರೇಷ್ಠತೆಯ ಬಗ್ಗೆ ಹದೀಸುಗಳನ್ನು ಸೃಷ್ಟಿಸಿದನೆಂದೂ, ಜನರು ಕುರ್‌ಆನನ್ನು ಬಿಟ್ಟು ಬೇರೆ ವಿದ್ಯೆಗಳಲ್ಲಿ ಮುಳುಗಿದ್ದರಿಂದ ಸದುದ್ದೇಶದಿಂದ ಹಾಗೆ ಮಾಡಿದೆನೆಂದು ಸಮರ್ಥಿಸಿಕೊಂಡನೆಂದೂ ಹದೀಸ್ ಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಉದ್ದೇಶ ಕುರ್‌ಆನಿನತ್ತ ಕರೆಯುವುದು! ಆದರೂ ವಿದ್ವಾಂಸರು ಅವನನ್ನು ಕ್ಷಮಿಸಲಿಲ್ಲ, ಅವನ ವರದಿಗಳನ್ನು ಹೊರಗೆ ಹಾಕಿದರು. ಶಿಲ್ಪವೊಂದನ್ನು ಅಲ್ಲಾಹನ ಶಿಕ್ಷೆಯೆಂದು ಸಾರುವುದು ಅಲ್ಲಾಹನ ಮೇಲೆಯೇ ಆರೋಪಿಸುವ ಸುಳ್ಳು. ಅದರಿಂದ ಹೆಚ್ಚುವುದು ಈಮಾನ್ ಅಲ್ಲ, ಅಂಜಿಕೆ. ಹದಿನಾರು ವರ್ಷದ ಮಗ ಗೂಗಲ್‌ನಲ್ಲಿ ಆ ಶಿಲ್ಪದ ಮೂಲವನ್ನು ಐದು ನಿಮಿಷದಲ್ಲಿ ಪತ್ತೆಹಚ್ಚಿದ ದಿನ, ತಂದೆ ಹೇಳಿದ ಉಳಿದ ಮಾತುಗಳನ್ನೂ ಅದೇ ತಕ್ಕಡಿಗೆ ಹಾಕುತ್ತಾನೆ. ಆ ನಷ್ಟವನ್ನು ಯಾರು ಭರಿಸುತ್ತಾರೆ?

ಇನ್ನೊಂದು ಬಗೆಯ ಕಡತವಿದೆ, ಅದರ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಸತ್ತ ಮಕ್ಕಳ ಚಿತ್ರಗಳು. ಪ್ಯಾಲೆಸ್ತೀನ್ ಎನ್ನುತ್ತಾರೆ, ಮ್ಯಾನ್ಮಾರ್ ಎನ್ನುತ್ತಾರೆ, ಸಿರಿಯಾ ಎನ್ನುತ್ತಾರೆ. ಈ ನಾಡುಗಳಲ್ಲಿ ಮಕ್ಕಳು ಸತ್ತಿರುವುದು ಸತ್ಯ. ಆದ್ದರಿಂದಲೇ ಅಲ್ಲಿಯ ಚಿತ್ರವನ್ನು ಇಲ್ಲಿಯದೆಂದೂ ಇಲ್ಲಿಯದನ್ನು ಅಲ್ಲಿಯದೆಂದೂ ಹೇಳುವುದು ಆ ಮಕ್ಕಳಿಗೆ ಮಾಡುವ ಎರಡನೆಯ ಅನ್ಯಾಯ. 2018ರಲ್ಲಿ ಮಹಾರಾಷ್ಟ್ರದ ಕಡೆ ಹರಡಿದ ಮಕ್ಕಳ ಕಳ್ಳರ ವಿಡಿಯೊವೊಂದರಲ್ಲಿ ಸಾಲಾಗಿ ಮಲಗಿಸಿದ ಮಕ್ಕಳ ಶವಗಳಿದ್ದವು, ಅಂಗಾಂಗಗಳಿಗಾಗಿ ಕೊಂದದ್ದೆಂದು ಹೇಳಲಾಗಿತ್ತು. ಅವು 2013ರ ಆಗಸ್ಟಿನಲ್ಲಿ ಸಿರಿಯಾದ ಗೂತಾದಲ್ಲಿ ವಿಷಾನಿಲದಿಂದ ಸತ್ತ ಮಕ್ಕಳ ಚಿತ್ರಗಳು. ಯಾರದೋ ಮನೆಯ ಕಂದಮ್ಮಗಳು, ಹೆಸರಿದ್ದವರು. ಹೆಸರು ಕಳಚಿದ ಅವರ ಚಿತ್ರವನ್ನೇ ಹಿಡಿದು ನಮ್ಮ ದೇಶದಲ್ಲಿ ಅಮಾಯಕರ ಮೇಲೆ ಜನರನ್ನು ಎತ್ತಿಕಟ್ಟಲಾಯಿತು. ಮೂಲವನ್ನು ಕೇಳುವುದು ಹೃದಯಹೀನತೆ ಎನ್ನುವವರು ಗೂತಾದ ಆ ಮಕ್ಕಳ ತಾಯಂದಿರನ್ನು ಒಮ್ಮೆ ನೆನೆಯಲಿ.

‘ನಿಜವಾಗಿದ್ದರೆ? ಎಚ್ಚರಿಸದೆ ಸುಮ್ಮನಿರುವುದು ಪಾಪವಲ್ಲವೆ?’ ಎಂಬುದು ತಾಯಂದಿರ ಪ್ರಶ್ನೆ, ಅದನ್ನು ಲಘುವಾಗಿ ಕಾಣಲಾಗದು. ಇದಕ್ಕೆ ಸೂರಃ ಅನ್ನಿಸಾದ 83ನೆಯ ವಚನದಲ್ಲಿ ಮಾರ್ಗದರ್ಶನವಿದೆ: ನಿರ್ಭಯತೆಯದಾಗಲಿ ಭಯದ್ದಾಗಲಿ, ಸುದ್ದಿ ಬಂದೊಡನೆ ಹರಡುವವರನ್ನು ಅದು ಟೀಕಿಸುತ್ತದೆ; ಸುದ್ದಿಯನ್ನು ಹೊಣೆಗಾರರಿಗೂ ಅದರ ಆಳವನ್ನು ತೆಗೆಯಬಲ್ಲವರಿಗೂ ಒಪ್ಪಿಸಬೇಕಿತ್ತೆನ್ನುತ್ತದೆ. ಹರಡುವುದು ಬೇರೆ, ತಿಳಿಸುವುದು ಬೇರೆ. ಈ ವ್ಯತ್ಯಾಸಕ್ಕೆ ಉತ್ತಮ ನಿದರ್ಶನ ಸೊರಬ ತಾಲೂಕಿನಲ್ಲಿಯೇ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು. ಆರಂಭದಲ್ಲಿ ತಜ್ಞರಿಗೇ ಭೀಕರವಾದ ಶಂಕೆಯಿತ್ತು, ಏಷ್ಯಾದಲ್ಲಿ ಹಿಂದೆಂದೂ ಕಾಣದ ಹಳದಿ ಜ್ವರ ಬಂದುಬಿಟ್ಟಿತೇ ಎಂದು. ಅವರು ಶಂಕೆಯನ್ನು ಹಂಚಲಿಲ್ಲ, ಮಾದರಿಗಳನ್ನು ಸಂಗ್ರಹಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಪರೀಕ್ಷೆಯಲ್ಲಿ ಅದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ ಎಂದು ತಿಳಿಯಿತು. ಇಂದು ಜಗತ್ತಿನ ವೈದ್ಯಗ್ರಂಥಗಳು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತವೆ, ಊರಿನ ಹೆಸರಿನೊಂದಿಗೆ. ಮಲೆನಾಡಿನಲ್ಲಿ ಇಂದಿಗೂ ಮಂಗ ಸತ್ತದ್ದನ್ನು ಕಂಡವರು ಯಾವ ಕಾಡು, ಎಷ್ಟು ಮಂಗ, ಯಾವಾಗ ಎಂದು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಅದು ಜೀವ ಉಳಿಸುವ ಸುದ್ದಿ, ಏಕೆಂದರೆ ಅದನ್ನು ಪರೀಕ್ಷಿಸಬಹುದು. ‘ಮಕ್ಕಳ ಕಳ್ಳರು ನಮ್ಮ ಕಡೆ ಬಂದಿದ್ದಾರೆ’ ಎಂಬುದರಲ್ಲಿ ಪರೀಕ್ಷಿಸಲು ಏನಿದೆ? ಯಾವುದು ‘ನಮ್ಮ ಕಡೆ’?

ಮದೀನಾದಲ್ಲಿ ಉಮ್ಮುಲ್ ಮೂಮಿನೀನ್ ಆಯಿಶಾರ(ರ) ಮೇಲೆ ಅಪವಾದ ಹಬ್ಬಿದಾಗ ಅದನ್ನು ಕಟ್ಟಿದವರು ಕಪಟವಿಶ್ವಾಸಿಗಳು. ಆದರೆ ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಪ್ರಾಮಾಣಿಕ ವಿಶ್ವಾಸಿಗಳೂ ಇದ್ದರು, ಸೂರಃ ಅನ್ನೂರ್ ಅವರನ್ನೂ ಬಿಡಲಿಲ್ಲ. ಸುಮಾರು ಒಂದು ತಿಂಗಳು ಪ್ರವಾದಿವರ್ಯರ(ಸ) ಮನೆಯೇ ಸಂಕಟದಲ್ಲಿ ಬೆಂದಿತು. ಆ ದಿನಗಳಲ್ಲಿ ಅಬೂ ಅಯ್ಯೂಬ್ ಅನ್ಸಾರಿ(ರ) ದಂಪತಿಗಳ ನಡುವೆ ನಡೆದ ಮಾತನ್ನು ಸೀರತ್ ಗ್ರಂಥಗಳು ಉಳಿಸಿಕೊಂಡಿವೆ. ಜನ ಹೀಗೆನ್ನುತ್ತಿದ್ದಾರೆ ಎಂದು ಪತ್ನಿ ತಿಳಿಸಿದಾಗ ಅವರು, ನೀನಾಗಿ ಅಂಥ ಕೆಲಸ ಮಾಡುತ್ತಿದ್ದೆಯಾ ಎಂದು ಕೇಳಿದರು. ಇಲ್ಲವೆಂದಾಗ, ಆಯಿಶಾ ನಿನಗಿಂತಲೂ ಉತ್ತಮರಲ್ಲವೇ ಎಂದರು. ವದಂತಿ ಆ ಮನೆಯ ಹೊಸ್ತಿಲನ್ನು ದಾಟಿ ಹೊರಗೆ ಹೋಗಲಿಲ್ಲ. ಗಂಡಹೆಂಡತಿಯ ನಡುವೆ ಎರಡು ವಾಕ್ಯಗಳು, ಅಷ್ಟರಲ್ಲಿ ಮುಗಿಯಿತು.

ನಮ್ಮ ಕುಟುಂಬಗಳಿಂದ ನಾವು ಕೇಳುವುದು ಇದಕ್ಕಿಂತ ಹೆಚ್ಚಿನದೇನಲ್ಲ. ಫೋನಿನಲ್ಲಿ ವಿಡಿಯೊಗಳು ತಾವಾಗಿ ಇಳಿಯುವ ವ್ಯವಸ್ಥೆಯನ್ನು ನಿಲ್ಲಿಸಿ. ಓದಲು ಬಾರದ ಅಜ್ಜಿಯ ಫೋನಿನಲ್ಲಿ ಮೊಮ್ಮಗ ಅದನ್ನು ಮಾಡಿಕೊಡಲಿ, ಅಜ್ಜಿಗೆ ಬಂದದ್ದು ಏನೆಂದು ಓದಿ ಹೇಳುವ ರಾವಿಯೂ ಅವನೇ ಆಗಲಿ. ಊರಿಗೆ ಬಂದ ಅಪರಿಚಿತನ ಬಗ್ಗೆ ನಿಜವಾದ ಆತಂಕವಿದ್ದರೆ 112ಕ್ಕೆ ಕರೆ ಮಾಡಿ, ಮಗುವಿನ ವಿಷಯವಾದರೆ 1098 ಇದೆ. ಅವನ ಮುಖವನ್ನು ಚಿತ್ರೀಕರಿಸಿ ಮುಂದಿನ ಊರಿಗೆ ಕಳುಹಿಸಬೇಡಿ. ಜಮಾಅತಿನ ಗುಂಪುಗಳ ಹೊಣೆ ಹೊತ್ತವರು ಮೂಲವಿಲ್ಲದ ಕಡತ ಬಂದಾಗ ‘ಇದು ಎಲ್ಲಿಯದು, ಯಾವಾಗಿನದು, ನಿಮಗೆ ಯಾರು ಕಳುಹಿಸಿದರು’ ಎಂದು ಗುಂಪಿನಲ್ಲಿಯೇ ಕೇಳಲಿ, ಮುಂದಿನ ನಮಾಝಿನ ಹೊತ್ತಿಗೆ ಉತ್ತರ ಬಾರದಿದ್ದರೆ ಅಳಿಸಿಬಿಡಲಿ. ಹಿರಿಯರು ಕಳುಹಿಸಿದರೆಂಬ ದಾಕ್ಷಿಣ್ಯ ಬೇಡ. ಹದೀಸ್ ವಿದ್ವಾಂಸರು ತಮ್ಮ ತಂದೆಯ ವರದಿಯನ್ನೂ ದುರ್ಬಲವೆಂದು ಹೇಳಲು ಹಿಂಜರಿಯಲಿಲ್ಲ.

ಸುಳ್ಳೆಂದು ತಿಳಿದ ಮೇಲೆ ಕಳುಹಿಸಿದವರು ಮಾಡಬೇಕಾದ ಕೆಲಸವೂ ಒಂದಿದೆ. ಅಪವಾದ ಹೊರಿಸಿದವನ ತೌಬಾ ಪೂರ್ಣವಾಗಲು ಆತ ತನ್ನ ಮಾತನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕೆಂದು ಉಲಮಾಗಳಲ್ಲಿ ಅನೇಕರು ಹೇಳಿದ್ದಾರೆ. ಐದು ಗುಂಪುಗಳಿಗೆ ಕಳುಹಿಸಿದ್ದರೆ ಆ ಐದೂ ಗುಂಪುಗಳಲ್ಲಿ, ಅದೇ ಫೋನಿನಿಂದ, ತಮ್ಮ ಹೆಸರಿನಲ್ಲಿಯೇ ತಿದ್ದುಪಡಿ ಬರೆಯಬೇಕು. ಕಡತವನ್ನು ಸದ್ದಿಲ್ಲದೆ ಅಳಿಸಿದರೆ ಸಾಲದು, ಅದನ್ನು ನೋಡಿದವರು ಅಷ್ಟರಲ್ಲಿ ಮನೆಯವರಿಗೆ ಹೇಳಿಯಾಗಿರುತ್ತದೆ.